ಚಾರ್ಜಿಂಗ್ ಮುಚ್ಚಳದೊಳಗಿನ ಅರಸಿನ

ಕಂತು: ಒಂಬತ್ತು

"ಸ್ಟೇರಿಂಗ್ ಬಿಸಿ ಮಾಡ್ಲಿಕ್ಕೆ ಇದು ಬಟನ್ ಮೇಡಂ. ಸೀಟಿಗೂ ಉಂಟು, ಹಿಂದೆ ಮುಂದೆ ಎಲ್ಲದಕ್ಕೂ," ಎಂದ ಮಾರಿಸ್.

ನವೆಂಬರ್ ಬಂದಿದ್ದರೂ ಸೆಕೆಂಡ್ ಹ್ಯಾಂಡ್ ಕಾರಿನ ಯಾರ್ಡಿನ ತಗಡಿನ ಚಪ್ಪರದ ಕೆಳಗೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ವೇದಾ ಮಾತ್ರ ಆ ಬಟನ್ನನ್ನು ಬಹಳ ಗಂಭೀರವಾಗಿ ಒತ್ತಿ ನೋಡಿದಳು.

"ಈ ದೋಹಾದಲ್ಲಿ ಇದನ್ನ ಯಾವಾಗ ಹಾಕ್ಕೊಳ್ಳೋದು?"

"ಕೆನಡಾದ ಗಾಡಿ ಅಲ್ವಾ ಮೇಡಂ. ಅಲ್ಲಿಯ ಚಳಿ ಸಾಮಾನ್ಯವಾ? ನಿಮಗೆ ಬೇಡಾದ್ರೆ ಒತ್ತುವುದು ಬೇಡ. ಇರ್ಲಿ, ಅದು ಫ್ರೀ."

ಬೇರೆ ದಿನವಾಗಿದ್ದರೆ ಗ್ರೀಷ್ಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಅವಳ ಬಾಯಿಗೆ ಬೀಗ. ಒಂದನೆಯದು, ಬಾಯಿ ತೆರೆದರೆ ಮಂಗಳೂರು ಕಡೆಯವಳೆಂದು ಗೊತ್ತಾಗುತ್ತದೆ, ಸುಮ್ಮನಿರಿ ಎಂದು ವೇದಾ ಕಟ್ಟುನಿಟ್ಟಾಗಿ ಹೇಳಿದ್ದಳು. ಎರಡನೆಯದು, ಮಾತಾಡಲು ಹೋದರೆ ಅಳು ಬರುತ್ತಿತ್ತು.

ಅವಳ ತಮ್ಮ ಅಕ್ಷಯ್ ಪೊಲೀಸರ ವಶದಲ್ಲಿದ್ದ. ದೋಹಾದ ಹೊರಗಿನ ಮೆಸಯೀದ್‌ನಲ್ಲಿ ಅವನ ಕಂಪನಿ ಕ್ವಾರ್ಟರ್ಸಿನ ಗೇಟಿನ ಎದುರು ಬಿಳಿಯ ಎಲೆಕ್ಟ್ರಿಕ್ ಕಾರೊಂದು ಮುಸ್ಸಂಜೆ ಹೊತ್ತಿಗೆ ನೇಪಾಳಿ ಕಾವಲುಗಾರನಿಗೆ ಗುದ್ದಿ, ನಿಲ್ಲದೆ ಹೋಗಿಬಿಟ್ಟಿತ್ತು. ಅಂಥದೇ ಕಾರಿನಲ್ಲಿ ಅಕ್ಷಯ್ ಓಡಾಡಿದ್ದನ್ನು ಅರ್ಧ ಕ್ವಾರ್ಟರ್ಸು ನೋಡಿತ್ತು.

"ಟ್ರಯಲ್‌ಗೆಂದು ತಂದಿದ್ದ ಸೆಕೆಂಡ್ ಹ್ಯಾಂಡ್ ಗಾಡಿ ಅದು. ಬ್ಯಾಟರಿ ಸರಿ ಇರಲಿಲ್ಲ, ಮಧ್ಯಾಹ್ನವೇ ಬ್ರೋಕರ್‌ಗೆ ವಾಪಸು ಕೊಟ್ಟೆ" ಎನ್ನುವುದು ಅಕ್ಷಯ್‌ನ ಮಾತು. ಯಾವ ಬ್ರೋಕರ್ ಎಂದರೆ ಹೆಸರು ಗೊತ್ತಿಲ್ಲ ಎನ್ನುತ್ತಿದ್ದ. ಹೆಸರು ಗೊತ್ತಿಲ್ಲದವನ ಕೈಗೆ ಯಾರಾದರೂ ಕಾರು ಕೊಡುತ್ತಾರೆಯೇ? ಅವನ ಪರ ವಾದಿಸಬೇಕಾದ ವಕೀಲರೇ ಮುಖ ಕಿವಿಚಿದ್ದರು.

ಕಾರು ಮಾತ್ರ ಮಾಯವಾಗಿತ್ತು.

"ಕಾರು ಸಿಗಲಿ ಸಾಕು ಗ್ರೀಷ್ಮಾ," ಎಂದಿದ್ದಳು ವೇದಾ. ಮುಶೈರಿಬ್‌ನ ಇನ್ಶೂರೆನ್ಸ್ ಆಫೀಸಿನಲ್ಲಿ ಗುದ್ದಿದ ಕಾರುಗಳನ್ನು ಪರೀಕ್ಷೆ ಮಾಡುವುದೇ ಅವಳ ಕೆಲಸ. ಮೈಸೂರಿನ ಹೆಂಗಸು. ಅವಳ ಎದುರು ಸುಳ್ಳು ಹೇಳಿ ಕ್ಲೇಮ್ ತೆಗೆದುಕೊಂಡವರು ಕಡಿಮೆ. "ಈ ಎಲೆಕ್ಟ್ರಿಕ್ ಕಾರುಗಳು ಬಾಯಿ ಬಿಡಲ್ಲ, ಆದ್ರೆ ಎಲ್ಲಾ ನೆನಪಿಟ್ಕೊಂಡಿರ್ತವೆ. ಯಾವಾಗ ಓಡ್ತು, ಎಲ್ಲಿ ನಿಲ್ತು, ಯಾರ ಫೋನ್ ಕನೆಕ್ಟ್ ಆಗಿತ್ತು, ಎಲ್ಲಾ. ಪೊಲೀಸ್ನೋರ ಕೈಗೆ ಕಾರು ಕೊಟ್ರೆ ನಿಮ್ಮ ತಮ್ಮನ್ನ ವಾಪಸು ಕೇಳಬಹುದು."

ಅಂದಿನಿಂದ ಇಬ್ಬರೂ ಅಕ್ಕತಂಗಿಯರ ವೇಷದಲ್ಲಿ ದೋಹಾದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರುಗಳನ್ನೆಲ್ಲ ಕೊಳ್ಳುವವರ ಹಾಗೆ ನೋಡುತ್ತ ತಿರುಗಿದ್ದರು. ರೇಟು ಕೇಳುವುದು, ಬ್ಯಾಟರಿ ವಿಚಾರಿಸುವುದು, ಮೂಗು ಮುರಿಯುವುದು, ಮುಂದಿನ ಯಾರ್ಡಿಗೆ ಹೋಗುವುದು. ಬೀದಿಯಲ್ಲೆಲ್ಲ ವಿಶ್ವಕಪ್ಪಿನ ಬಾವುಟ ಏರಿದ್ದವು. ಆಟ ನೋಡಲು ಜಗತ್ತೇ ಬಂದಿಳಿಯುತ್ತಿದ್ದ ಊರಿನಲ್ಲಿ ಗ್ರೀಷ್ಮಾ ಒಂದು ಬಿಳಿ ಕಾರಿಗಾಗಿ ಹುಚ್ಚಿಯಂತೆ ಅಲೆಯುತ್ತಿದ್ದಳು. ಕೇಸು ಈ ವಾರವೇ ಕೋರ್ಟಿಗೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದ ಕಾವಲುಗಾರನ ಉಸಿರು ನಿಂತರೆ ಆ ಕೇಸಿನ ಬಣ್ಣವೇ ಬದಲಾಗುತ್ತಿತ್ತು. ಅವನ ಹೆಸರಿನಲ್ಲಿ ಅವಳು ದಿನವೂ ದೀಪ ಹಚ್ಚುತ್ತಿದ್ದಳು. ತಮ್ಮನ ಹೆಸರಿನಲ್ಲಿ ಹಚ್ಚುತ್ತಿದ್ದದ್ದು ಅದರ ಆಮೇಲೆ.

ಇಂಡಸ್ಟ್ರಿಯಲ್ ಏರಿಯಾದ ಅಂಚಿನ ಈ ಯಾರ್ಡೇ ಕೊನೆಯದು. ಇಲ್ಲಿದ್ದದ್ದು ಒಂದೇ ಎಲೆಕ್ಟ್ರಿಕ್ ಕಾರು. ಅದೂ ಬೂದು ಬಣ್ಣದ್ದು.

ನೋಡಿದ ಕೂಡಲೇ ಗ್ರೀಷ್ಮಾ ಗೇಟಿನ ಕಡೆ ತಿರುಗಿದ್ದಳು. ಬಿಳಿಯಲ್ಲ. ಖಲಾಸ್, ಇಲ್ಲಿಗೆ ಮುಗಿಯಿತು.

ವೇದಾ ಹಾಗೆ ಬಿಡುವ ಪೈಕಿಯಲ್ಲ. "ಯಾವಾಗ ಬಂತು ಗಾಡಿ?" ಎಂದು ಕೇಳಿದಳು.

"ಮೊನ್ನೆ ಮೊನ್ನೆ ಹಡಗಿನಿಂದ ಇಳಿದದ್ದು ಮೇಡಂ. ಕತಾರಿನ ರಸ್ತೆಯನ್ನೇ ನೋಡ್ಲಿಲ್ಲ ಇದು. ಇಲ್ಲಿ ನೀವೇ ಫಸ್ಟ್ ಓನರ್."

ಮಾರಿಸ್ ಮಾತಿನಲ್ಲಿ ಚುರುಕು. ನಲವತ್ತರ ಆಸುಪಾಸು, ಕೊರಳಲ್ಲಿ ಸಣ್ಣ ಶಿಲುಬೆ, ಊರು ಮಂಗಳೂರಿನ ಕುಲಶೇಖರ ಎಂದು ಕೇಳದೆಯೇ ಹೇಳಿದ್ದ. ವ್ಯಾಪಾರ ಕುದುರುವ ಆಸೆಯಿಂದ ಕಣ್ಣು ಹೊಳೆಯುತ್ತಿತ್ತು.

ವೇದಾ ಮೊಣಕಾಲೂರಿ ಕಾರಿನ ಕೆಳಗೆ ಟಾರ್ಚು ಬಿಟ್ಟಳು. ಅಡಿಯ ಕಬ್ಬಿಣದ ತುಂಬ ತುಕ್ಕು ಹಬ್ಬಿತ್ತು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ದೇಶದ ಗಾಡಿ ಎನ್ನುವುದು ಸುಳ್ಳಲ್ಲ. ಮೇಲೆದ್ದವಳು ಬಾಗಿಲು ತೆರೆದು ಅಂಚಿನ ಕರಿ ರಬ್ಬರನ್ನು ಉಗುರಿನಿಂದ ಕೆರೆದಳು. ಉಗುರಿಗೆ ಬೂದು ಬಣ್ಣ ಬಂತು.

"ಹಡಗಿನಲ್ಲಿ ಪೇಂಟ್ ಮಾಡಿದ್ರಾ ಮಾರಿಸ್?"

"ಹಾಂ?"

"ಕಂಪನಿ ಪೇಂಟು ರಬ್ಬರ್ ಮೇಲೆ ಕೂರಲ್ಲ. ಇದು ಇಲ್ಲೇ, ಯಾರೋ ಅವಸರದಲ್ಲಿ ಹೊಡೆದಿರೋದು. ಮುಂದಿನ ಬಂಪರ್ರೂ ಹೊಸದು."

ಮಾರಿಸ್ ನಕ್ಕ. ಆ ನಗು ಕಣ್ಣಿನವರೆಗೆ ಹೋಗಲಿಲ್ಲ. "ಸಣ್ಣ ಗೀರು ಇದ್ದಿರ್ಬಹುದು ಮೇಡಂ, ಟಚಪ್ ಮಾಡಿರ್ತಾರೆ. ಸೆಕೆಂಡ್ ಹ್ಯಾಂಡ್ ಅಲ್ವಾ."

ಗ್ರೀಷ್ಮಾ ಹತ್ತಿರ ಬಂದು ವೇದಾಳ ಉಗುರು ನೋಡಿದಳು. ಬೂದು ಬಣ್ಣದ ಕೆಳಗೆ ಬಿಳಿ ಇರಬಹುದೇ? ಇದ್ದರೂ ಇದೇ ಆ ಕಾರು ಎನ್ನುವುದಕ್ಕೆ ಗುರುತೇನು? ಬಿಳಿ ಕಾರು ದೋಹಾದಲ್ಲಿ ಮರಳಿನಷ್ಟಿವೆ.

ಥಟ್ಟನೆ ಅವಳಿಗೆ ನೆನಪಾಯಿತು.

"ವೇದಾ ಮೇಡಂ," ಎಂದಳು ಮೆಲ್ಲಗೆ, ಬೀಗ ಮುರಿದು. "ಚಾರ್ಜ್ ಮಾಡುವ ಜಾಗ ತೆಗೆಸಿ. ಆ ಮುಚ್ಚಳ."

ವೇದಾ ಅವಳನ್ನೊಮ್ಮೆ ದಿಟ್ಟಿಸಿ, ಮಾರಿಸ್ ಕಡೆ ತಿರುಗಿದಳು. "ಚಾರ್ಜ್ ಹಾಕಿ ತೋರಿಸಿ. ಬ್ಯಾಟರಿ ನೋಡದೆ ನಾನು ತಗೊಳ್ಳಲ್ಲ."

ಮಾರಿಸ್ ಗೊಣಗಿದ. ಪ್ಲಗ್ಗು ದೂರ, ವೈರು ಸಿಕ್ಕುವುದಿಲ್ಲ, ನಾಳೆ ಬನ್ನಿ. ವೇದಾ ಕದಲಲಿಲ್ಲ. ಕೊನೆಗೆ ಅವನು ಒಳಗೆ ಕೂತು, ಕೀಯನ್ನು ಸೀಟಿನ ಪಕ್ಕದ ಕಪ್ ಇಡುವ ಜಾಗಕ್ಕೆ ಹಾಕಿ, ಪರದೆಯ ಮೇಲೆ ಏನನ್ನೋ ಒತ್ತಿದ. ಕಾರಿನ ಹಿಂಬದಿಯಲ್ಲಿ ಅಂಗೈಯಗಲದ ಮುಚ್ಚಳ ತೆರೆದುಕೊಂಡಿತು.

ಗ್ರೀಷ್ಮಾ ಬಗ್ಗಿದಳು.

ಕಾರು ತಂದ ದಿನ ಅಕ್ಷಯ್ ಎಷ್ಟು ಕುಣಿದಿದ್ದ! ಹೆಸರಿಗೆ ಆಗುವ ಮೊದಲೇ ಪೂಜೆ ಯಾಕೆ ಎಂದು ಅವಳು ಕೇಳಿದ್ದಕ್ಕೆ, ಪಂಚಾಂಗದಲ್ಲಿ ಒಳ್ಳೆಯ ದಿನ ಇವತ್ತೇ ಇರುವುದು, ಕತಾರಿನ ರಿಜಿಸ್ಟ್ರೇಷನ್ ಆಫೀಸು ಪಂಚಾಂಗ ನೋಡುತ್ತದಾ ಎಂದಿದ್ದ. ಬಿನ್ ಒಮ್ರಾನಿನ ಅವಳ ಫ್ಲಾಟಿನ ಕೆಳಗೆ, ಪಾರ್ಕಿಂಗಿನಲ್ಲಿ ಪೂಜೆ. ಅವಳ ಗಂಡನಿಗೆ ಡ್ಯೂಟಿ, ಪೂಜೆಗೆ ಇರಲಿಲ್ಲ. ವಾಚ್‌ಮನ್ ಬೈಯುತ್ತಾನೆಂದು ತೆಂಗಿನಕಾಯಿಯನ್ನು ಮೇಲೆ ಅಡುಗೆಮನೆಯ ಸಿಂಕಿನಲ್ಲಿ ಒಡೆದು ತಂದಿದ್ದರು. ಚಕ್ರಕ್ಕೊಂದು ಲಿಂಬೆಹಣ್ಣು ಇಟ್ಟಾಗಿತ್ತು. ಗಂಧ ಹಚ್ಚೋಣವೆಂದು ಬಾನೆಟ್ ಎತ್ತಿದರೆ ಒಳಗೆ ಎಂಜಿನ್ನೇ ಇಲ್ಲ, ಸಾಮಾನು ಇಡುವ ಖಾಲಿ ಡಬ್ಬಿ!

"ಅಕ್ಕ, ಇದು ತಿನ್ನುವುದು ಕರೆಂಟು. ಇದರ ಬಾಯಿಗೇ ಹಚ್ಚು," ಎಂದು ಅಕ್ಷಯ್ ಈ ಮುಚ್ಚಳ ತೆರೆದಿದ್ದ. ಉಂಗುರ ಬೆರಳಿನಿಂದ ಅವಳು ಉದ್ದಕ್ಕೆ ಒಂದು ಗೆರೆ ಎಳೆದು, ಕೆಳಗೊಂದು ಬೊಟ್ಟು ಇಟ್ಟಿದ್ದಳು. ಅವಳ ಅಮ್ಮ ಇಡುತ್ತಿದ್ದದ್ದು ಹಾಗೆಯೇ.

ಮುಚ್ಚಳದ ಒಳಮೈ ಇನ್ನೂ ಬಿಳಿಯಾಗಿತ್ತು. ಅಲ್ಲಿಗೆ ಬಣ್ಣ ಮುಟ್ಟಿರಲಿಲ್ಲ. ಉದ್ದಕ್ಕೆ ಒಂದು ಗೆರೆ, ಕೆಳಗೊಂದು ಬೊಟ್ಟು. ಒಣಗಿ ಬಿರಿದ ಗಂಧ.

"ಇದೇ!" ಗ್ರೀಷ್ಮಾ ಕಿರುಚಿದಳು. "ವೇದಾ ಮೇಡಂ, ಇದೇ ನಮ್ಮ ಅಕ್ಷಯ್‌ನ ಗಾಡಿ! ಇದು ನಾನು ಇಟ್ಟ ಬೊಟ್ಟು!"

ಅಕ್ಕಪಕ್ಕದ ಶೆಡ್ಡಿನವರು ತಿರುಗಿ ನೋಡಿದರು. ಮಾರಿಸ್‌ನ ಮುಖದ ರಕ್ತ ಇಳಿದುಹೋಯಿತು.

"ನೀವು ಊರಿನವರಾ?" ಎಂದ, ದನಿ ಉಡುಗಿಹೋಗಿ.

"ಊರಿನವಳೇ! ಹಡಗಿನಿಂದ ಮೊನ್ನೆ ಇಳಿದ ಗಾಡಿಗೆ ನನ್ನ ಬೆರಳಿನ ಗಂಧ ಎಲ್ಲಿಂದ ಬಂತು, ಹೇಳಿ! ಕೆನಡಾದಲ್ಲಿ ಹಚ್ಚಿ ಕಳಿಸಿದ್ರಾ? ನನ್ನ ತಮ್ಮ ಮಾಡದ ತಪ್ಪಿಗೆ ಒಳಗೆ ಕೂತಿದ್ದಾನೆ ಮಾರಾಯ್ರೆ! ಊಟ ಸೇರುವುದಿಲ್ಲ ಅವನಿಗೆ. ನೋಡಲಿಕ್ಕೆ ಹೋದರೆ ಮುಖ ಎತ್ತುವುದಿಲ್ಲ. ನಿಮಗೆ ಅಕ್ಕತಂಗಿ ಇಲ್ವಾ?"

"ಅಕ್ಕಾ, ಮೆಲ್ಲ ಮಾತಾಡಿ, ದಮ್ಮಯ್ಯ," ಎಂದು ಮಾರಿಸ್ ಕೈ ಮುಗಿದ. "ನಾನು ಇಲ್ಲಿ ಸಂಬಳದವ. ಗಾಡಿ ಪೇಂಟ್ ಆಗಿಯೇ ಬಂದದ್ದು. ಹಡಗಿಂದ ಬಂತು ಅಂತ ಹೇಳ್ಬೇಕು ಅಂತ ಮುದೀರ್, ಅಂದ್ರೆ ಮ್ಯಾನೇಜರ್, ಹೇಳಿದ್ರು, ಹೇಳಿದೆ. ಯಜಮಾನರ ಎದುರು ಬಾಯಿ ತೆರೀಲಿಕ್ಕೆ ಆಗ್ತದಾ?"

"ತಂದವನು ಯಾರು?" ವೇದಾಳ ಸ್ವರ ಏರಲೇ ಇಲ್ಲ.

"ಮುಖ ನೋಡ್ಲಿಲ್ಲ ಮೇಡಂ. ಯೇಸುವಿನ ಆಣೆಗೂ ನೋಡ್ಲಿಲ್ಲ. ನಾನು ಆಫೀಸಿನ ಒಳಗೆ ಇದ್ದೆ. ಗಾಜಿನಲ್ಲಿ ಬೆನ್ನು ಕಾಣ್ತಿತ್ತು ಅಷ್ಟೇ." ಅವನು ಮುಚ್ಚಳದ ಕಡೆ ಬೆರಳು ಮಾಡಿದ. "ಒಂದು ಮಾತ್ರ ನೆನಪುಂಟು. ಗಾಡಿ ನಿಲ್ಲಿಸಿ ಹೋಗುವವ ತಿರುಗಿ ಬಂದು ಆ ಮುಚ್ಚಳ ತೆಗೆದು ಎಂತದೋ ಮಾಡಿದ. ಮತ್ತೆ ಗಾಡಿಗೆ ಕೈ ಮುಗಿದು ಹೋದ. ಮಾರಿದ ಗಾಡಿಗೆ ಯಾರಾದ್ರೂ ಕೈ ಮುಗೀತಾರಾ ಅಂತ ನಂಗೇ ನಗು ಬಂದಿತ್ತು."

ವೇದಾ ಟಾರ್ಚನ್ನು ಮುಚ್ಚಳಕ್ಕೆ ಹಿಡಿದಳು.

ಗಂಧದ ಗೆರೆಯ ಮೇಲೆ ಇನ್ನೊಂದು ಬಣ್ಣವಿತ್ತು. ಕಿರುಚುವ ಅವಸರದಲ್ಲಿ ಗ್ರೀಷ್ಮಾ ಅದನ್ನು ಗಮನಿಸಿರಲಿಲ್ಲ. ಅರಸಿನ. ಬೆರಳು ತುಂಬ ಅದ್ದಿ, ಅವಸರದಲ್ಲಿ ಒತ್ತಿದ ಹಾಗೆ ಅರಸಿನದ ಹುಡಿ ಅಂಚಿನವರೆಗೆ ಉದುರಿತ್ತು. ಆ ಹುಡಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದೊಂದು ಒಣಗಿದ ಮೊಗ್ಗು ಅಂಟಿಕೊಂಡಿತ್ತು.

"ಇದೇನು?" ಎಂದಳು ವೇದಾ.

ಗ್ರೀಷ್ಮಾ ಮೊಗ್ಗಿನ ಹತ್ತಿರ ಬಗ್ಗಿದಳು.

ಅದು ಪಿಂಗಾರ. ಅಡಕೆಯ ಹೂವಿನ ಮೊಗ್ಗು. ನಾಗಬನದಲ್ಲಿ ತಂಬಿಲದ ಪೂಜೆಯಾದ ಮೇಲೆ ಕೊಡುವ ಅರಸಿನದ ಪ್ರಸಾದದಲ್ಲಿ ಅದು ಬೆರೆತಿರುತ್ತದೆ. ದೋಹಾದ ಅಂಗಡಿಗಳಲ್ಲಿ ಅರಸಿನ ಬೇಕಾದಷ್ಟು ಸಿಗುತ್ತದೆ, ಪಿಂಗಾರ ಬೆರೆತ ಅರಸಿನ ಸಿಗುವುದಿಲ್ಲ. ಅದು ಊರಿನಿಂದಲೇ ಬರಬೇಕು, ಯಾರಾದರೂ ತರಬೇಕು.

ತಂದವಳು ಅವಳೇ.

ರಜೆ ಮುಗಿಸಿ ಹೊರಡುವ ದಿನ ಊರಿನ ನೆರೆಮನೆಯ ಪೂವಕ್ಕ ಓಡೋಡಿ ಬಂದು ಹಳದಿ ಬಟ್ಟೆಯ ಸಣ್ಣ ಗಂಟೊಂದನ್ನು ಅವಳ ಬ್ಯಾಗಿಗೆ ತುರುಕಿದ್ದಳು. "ನನ್ನ ಮಗನಿಗೆ ಕೊಡು ಮಗಾ. ಗಾಡಿ ಬಿಡುವವ, ನಾಗದೇವರು ಕಾಯಲಿ." ಅದನ್ನು ಅವಳು ಜೋಪಾನವಾಗಿ ತಂದು ಕೊಟ್ಟಿದ್ದಳು.

ಪೂವಕ್ಕನ ಮಗ ದುಗ್ಗು. ಅಕ್ಷಯ್‌ನ ಬಾಲ್ಯದ ಗೆಳೆಯ, ಬಿನ್ ಒಮ್ರಾನಿನಲ್ಲಿ ಕಾರಿನ ಸೀಟ್ ಕವರಿನ ಅಂಗಡಿ ಇಟ್ಟವ. ಅಕ್ಷಯ್‌ನನ್ನು ಪೊಲೀಸರು ಕರೆದೊಯ್ದ ದಿನ ಮೊದಲು ಓಡಿಬಂದು ಅತ್ತವ. ಊಟ ಮಾಡಿ ಅಕ್ಕ ಎಂದು ಪಾರ್ಸೆಲ್ ತಂದು ಮೇಜಿನ ಮೇಲೆ ಇಡುತ್ತಿದ್ದವ. ಲಿಂಬೆಹಣ್ಣುಗಳನ್ನು ಚಕ್ರದ ಕೆಳಗೆ ಇಟ್ಟವನೂ ಅವನೇ. ಮುಚ್ಚಳದೊಳಗಿನ ಗಂಧದ ವಿಷಯ ಗೊತ್ತಿದ್ದದ್ದು ಮೂವರಿಗೆ. ಒಬ್ಬ ಜೈಲಿನಲ್ಲಿದ್ದ, ಒಬ್ಬಳು ಇಲ್ಲಿ ನಿಂತಿದ್ದಳು.

ಇವತ್ತು ಅವರನ್ನು ಈ ಯಾರ್ಡಿಗೆ ಕರೆತಂದವನು ಮೂರನೆಯವ. ಬೂದು ಬಣ್ಣದ ಕೆಳಗೆ ಕಾರನ್ನು ಯಾರೂ ಗುರುತಿಸಲಾರರು ಎಂದುಕೊಂಡಿರಬೇಕು. "ನನ್ನ ಮುಖ ಇಲ್ಲಿಯವರಿಗೆ ಪರಿಚಯ ಉಂಟು ಅಕ್ಕ, ನೀವೇ ಹೋಗಿ" ಎಂದು ಗೇಟಿನ ಹೊರಗೆ ಪಿಕಪ್‌ನಲ್ಲಿ ಕೂತಿದ್ದ.

ಬಣ್ಣ ಬದಲಿಸಿದ, ಬಂಪರ್ ಬದಲಿಸಿದ, ಎಲ್ಲ ಗುರುತು ಅಳಿಸಿದ ಮನುಷ್ಯನಿಗೆ ದೇವರ ಗಂಧ ಒರೆಸಲು ಕೈ ಬರಲಿಲ್ಲ. ರಕ್ತ ಕಂಡ ಗಾಡಿಯನ್ನು ಹಾಗೆಯೇ ಬಿಡಲೂ ಧೈರ್ಯ ಸಾಲಲಿಲ್ಲ. ಬಟ್ಟೆಯಿಂದ ಒಮ್ಮೆ ಉಜ್ಜಿದ್ದರೆ ಮುಗಿದುಹೋಗುತ್ತಿತ್ತು. ಬದಲಿಗೆ ಅವನು ಅಮ್ಮ ಕಳಿಸಿದ ಪ್ರಸಾದವನ್ನು ಅದರ ಮೇಲೆ ಇಟ್ಟು ಕೈ ಮುಗಿದು ಹೋಗಿದ್ದ.

"ಗ್ರೀಷ್ಮಾ, ಕೇಳ್ತಾ ಇದೀನಿ. ಇದು ಯಾರು ಹಚ್ಚಿರಬಹುದು? ಗೊತ್ತಾ ನಿಮಗೆ?"

ಇಲ್ಲಿ ಗ್ರೀಷ್ಮಾ ಹೆಸರು ಹೇಳಬೇಕಿತ್ತು. ಹೇಳಿಬಿಟ್ಟಿದ್ದರೆ ಈ ಕಥೆ ಬೇರೆಯೇ ದಾರಿ ಹಿಡಿಯುತ್ತಿತ್ತು. ಆದರೆ ಪೂವಕ್ಕನ ಮುಖ ಅವಳ ಕಣ್ಣಿನ ಎದುರು ನಿಂತಿತ್ತು. ಒಂದೇ ಬನಕ್ಕೆ ಹಾಲೆರೆಯುವ ಮನೆಗಳು. ಪರದೇಶದ ಪೊಲೀಸರ ಕೈಗೆ ನಮ್ಮವನೊಬ್ಬನ ಹೆಸರು ಕೊಡುವ ಮೊದಲು, ಒಮ್ಮೆ, ಒಂದೇ ಒಂದು ಸಲ ಅವನ ಬಾಯಿಂದ ಕೇಳಬೇಡವೇ? ತಪ್ಪು ತಿಳಿದಿದ್ದರೆ?

"ಗೊತ್ತಿಲ್ಲ ಮೇಡಂ," ಎಂದಳು.

ವೇದಾ ಒಂದು ಕ್ಷಣ ಅವಳನ್ನೇ ನೋಡಿದಳು. ಎಷ್ಟು ಸುಳ್ಳು ಕೇಳಿದ್ದ ಕಿವಿ ಅದು! ಮುಚ್ಚಳದ ಫೋಟೊ ತೆಗೆದುಕೊಂಡಳು.

"ಸರಿ. ನೀವು ಇಲ್ಲೇ ಇರಿ, ಕಾರು ಬಿಟ್ಟು ಕದಲಬೇಡಿ. ಮಾರಿಸ್, ಯಲ್ಲಾ, ಆಫೀಸಿಗೆ ನಡೀರಿ. ಚಾಸಿ ನಂಬರಿನ ಕಾಗದ ಬೇಕು ನಂಗೆ. ಪೊಲೀಸಿಗೆ ನಾನು ಫೋನ್ ಮಾಡ್ತೀನಿ."

"ಮೇಡಂ, ನನ್ನ ಕೆಲಸ..."

"ನಿಮ್ಮ ಕೆಲಸ ಉಳಿಯೋ ದಾರಿ ಇದೊಂದೇ. ನಡೀರಿ."

ಇಬ್ಬರೂ ಗಾಜಿನ ಆಫೀಸಿನೊಳಗೆ ಹೋದರು.

ಗ್ರೀಷ್ಮಾ ನಿಂತಳು. ನಿಲ್ಲಲು ಆಗಲಿಲ್ಲ. ಪೊಲೀಸರು ಬರುವುದರೊಳಗೆ ಅವನನ್ನು ಕೇಳಬೇಕು. ಗೇಟು ಇಲ್ಲೇ, ನಾಲ್ಕು ಹೆಜ್ಜೆ. ಪಿಕಪ್‌ನ ಕನ್ನಡಿಯಲ್ಲಿ ಆ ಹಳದಿ ಗಂಟು ಯಾವಾಗಲೂ ತೂಗುತ್ತಿರುತ್ತದೆ. ಅದು ಬಿಚ್ಚದೆ ಹಾಗೆಯೇ ಇದ್ದರೆ ಸಾಕು, ನಾನು ಪಾಪಿ, ಅನ್ಯಾಯವಾಗಿ ಸಂಶಯ ಪಟ್ಟೆ ಎಂದು ನಾಗನಿಗೆ ತಪ್ಪುಕಾಣಿಕೆ ಹಾಕಿಬಿಡುತ್ತೇನೆ. ದೇವರೇ, ಅದು ಹಾಗೆಯೇ ಇರಲಿ.

ಅವಳು ಓಡಿದಳು.

ಪಿಕಪ್ ಗೇಟಿನ ಹೊರಗೆ ನಿಂತಿತ್ತು. ಎಂಜಿನ್ ಓಡುತ್ತಿತ್ತು, ಏಸಿ ಹಾಕಿತ್ತು. ಡ್ರೈವರ್ ಸೀಟು ಖಾಲಿ.

ಕನ್ನಡಿಯಲ್ಲಿ ಗಂಟು ತೂಗುತ್ತಿತ್ತು. ಬಾಯಿ ಬಿಚ್ಚಿತ್ತು. ಡ್ಯಾಶ್‌ಬೋರ್ಡಿನ ಮೇಲೆ ಅರಸಿನ ಚೆಲ್ಲಿತ್ತು.

ತನ್ನ ಕಿರುಚಾಟ ಯಾರ್ಡಿಗೆಲ್ಲ ಕೇಳಿಸಿತ್ತು. ಹಾಗಾದರೆ ಗೇಟಿಗೂ ಕೇಳಿಸಿರಬೇಕು.

ಬೆನ್ನ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ಸದ್ದಿಲ್ಲ, ಹೊಗೆಯಿಲ್ಲ. ತಿರುಗಿದರೆ ಬೂದು ಕಾರು ಅವಳ ಸೊಂಟದಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಮಾರಿಸ್ ಕೀಯನ್ನು ಒಳಗೇ ಬಿಟ್ಟಿದ್ದ. ಸ್ಟೇರಿಂಗ್ ಹಿಂದೆ ದುಗ್ಗು, ಕಾರುಗಳ ಮರೆಯಲ್ಲಿ ಒಳಗೆ ನುಸುಳಿದ್ದ. ಕಣ್ಣು ಕೆಂಪಗೆ ಊದಿಕೊಂಡಿತ್ತು.

ಗಾಜು ಇಳಿಯಿತು. "ಕುಲ್ಲುಲೆ ಅಕ್ಕ," ಎಂದ ತುಳುವಿನಲ್ಲಿ. ಕೂತುಕೊಳ್ಳಿ. ಊಟಕ್ಕೆ ಕೂರಿಸುವಷ್ಟೇ ಮೆತ್ತಗೆ ಹೇಳಿದ.

"ಇಳಿ ದುಗ್ಗು. ಗಾಡಿ ಬಿಟ್ಟು ಇಳಿ."

"ಆಗುವುದಿಲ್ಲ. ಇದನ್ನು ಇಲ್ಲಿಂದ ತೆಗೆಯಬೇಕು. ನೀವು ಬಾರದಿದ್ದರೆ ನಾನೊಬ್ಬನೇ ತೆಗೆದುಕೊಂಡು ಹೋಗುತ್ತೇನೆ. ಮತ್ತೆ ಈ ಗಾಡಿಯನ್ನು ಯಾರೂ ನೋಡುವುದಿಲ್ಲ."

ಆಫೀಸಿನ ಬಾಗಿಲು ದಢಾರನೆ ತೆರೆಯಿತು. "ಗ್ರೀಷ್ಮಾ! ಹತ್ತಬೇಡಿ!" ವೇದಾ ಕಾರುಗಳ ನಡುವೆ ಓಡಿಬರುತ್ತಿದ್ದಳು.

ಚಕ್ರ ಮೆಲ್ಲನೆ ಉರುಳತೊಡಗಿತು. ಕಾರು ಹೋದರೆ ಅಕ್ಷಯ್ ಹೋದ. ಹೆದರಿಕೆ, ಸಿಟ್ಟು ಎಲ್ಲ ಆಮೇಲೆ. ಗ್ರೀಷ್ಮಾ ಉರುಳುವ ಕಾರಿನ ಬಾಗಿಲು ಎಳೆದು ಒಳಗೆ ಬಿದ್ದಳು.

ಬಾಗಿಲು ತಾನಾಗಿಯೇ ಲಾಕ್ ಆಯಿತು. ವೇದಾಳ ಕೂಗು ಗಾಜಿನ ಆಚೆ ಉಳಿಯಿತು.

"ಯಾಕೆ ದುಗ್ಗು?" ಅವಳು ಅವನ ತೋಳು ಹಿಡಿದು ಅಲುಗಾಡಿಸಿದಳು. "ನನ್ನ ಮನೆಯಲ್ಲಿ ಉಂಡವ ನೀನು! ಅವನಿಗೆ ಹೀಗೆ ಮಾಡ್ಲಿಕ್ಕೆ ಮನಸ್ಸು ಹೇಗೆ ಬಂತು? ಆ ಬ್ರೋಕರ್ ನೀನೇ ಅಲ್ವಾ?"

"ಗಾಡಿ ಕೊಡಿಸಿದ್ದು ನಾನು. ಪೇಂಟ್ ಮಾಡಿಸಿದ್ದೂ ನಾನು." ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಆ ಸಂಜೆ ಬಿಟ್ಟದ್ದು ನಾನಲ್ಲ ಅಕ್ಕ."

"ಮತ್ತೆ ಯಾರು?"

"ಅಕ್ಷಯ್‌ಗೆ ಗೊತ್ತುಂಟು."

"ಸುಳ್ಳು!"

"ನನ್ನ ಹೆಸರು ಅವನು ಯಾಕೆ ಹೇಳ್ಲಿಲ್ಲ, ಯೋಚನೆ ಮಾಡಿ. ನನ್ನ ಹೆಸರು ಬಂದ್ರೆ ಇನ್ನೊಂದು ಹೆಸರೂ ಬರ್ತದೆ. ಅದನ್ನು ಮುಚ್ಚಲಿಕ್ಕೇ ಅವ ಒಳಗೆ ಕೂತದ್ದು. ನೀವು ಅವನನ್ನು ಹೊರಗೆ ತರಲಿಕ್ಕೆ ಹೊರಟಿದ್ದೀರಿ. ಅವನಿಗೆ ಹೊರಗೆ ಬರ್ಲಿಕ್ಕೇ ಇಲ್ಲ."

ಗ್ರೀಷ್ಮಾಳ ಕೈ ಅವನ ತೋಳಿನಿಂದ ಜಾರಿತು. ನೋಡಲು ಹೋದಾಗ ಮುಖ ಎತ್ತದ ತಮ್ಮ. ಹೆದರಿಕೆಯಿಂದ ಎಂದುಕೊಂಡಿದ್ದಳು.

ದೋಹಾದ ಕಡೆಗೆ ಹೋಗುವ ತಿರುವು ಹಿಂದೆ ಉಳಿಯಿತು. ಎದುರಿನ ಹಸಿರು ಬೋರ್ಡಿನಲ್ಲಿ ಬಾಣ ಮೆಸಯೀದ್ ಕಡೆಗೆ ತಿರುಗಿತ್ತು. ಕಾರು ಸದ್ದಿಲ್ಲದೆ ಅದನ್ನು ದಾಟಿತು.

ಅವಳು ಪರದೆ ನೋಡಿದಳು. ಚಾರ್ಜಿನ ಗೆರೆ ಕೆಂಪಾಗಿತ್ತು. ಇನ್ನು ಓಡುವುದು ನಲವತ್ತಾರು ಕಿಲೋಮೀಟರ್ ಎಂದಿತ್ತು.

ಮೆಸಯೀದ್‌ಗೆ ಹೋಗಲು ಅಷ್ಟು ಸಾಕು. ತಿರುಗಿ ಬರಲು ಸಾಲದು.

"ದುಗ್ಗು, ಅಲ್ಲಿ ಯಾರಿದ್ದಾರೆ?" ಎಂದಳು.

ಅವನು ಉತ್ತರ ಕೊಡುವ ಮೊದಲೇ ಕಾರಿನ ಪರದೆ ಬೆಳಗಿತು. ಈ ಹಿಂದೆ ಬ್ಲೂಟೂತ್‌ನಲ್ಲಿ ಜೋಡಿಯಾಗಿದ್ದ ಯಾವುದೋ ಫೋನು ಹತ್ತಿರ ಬಂದಿತ್ತು. ತನಗೆ ಗೊತ್ತಿದ್ದ ಗೆಳೆಯನನ್ನು ಕಾರು ಗುರುತಿಸಿ, ಜೋಡಿಯಾಯಿತು ಎಂದು ತಿಳಿಸುತ್ತಿತ್ತು. ದುಗ್ಗುವಿನ ಫೋನು ಸ್ವಿಚಾಫ್ ಆಗಿ ಅವನ ಮಡಿಲಲ್ಲಿತ್ತು. ಹಿಂದಿನ ಸೀಟು ಖಾಲಿ.

ಗ್ರೀಷ್ಮಾ ತನ್ನ ಚೀಲಕ್ಕೆ ಕೈ ಹಾಕಿದಳು. ಪೊಲೀಸರು ಬರುವ ಮುನ್ನಾದಿನ ಊರಿನ ಫೋಟೊಗಳಿವೆ, ಜೋಪಾನ ಅಕ್ಕ ಎಂದು ಅಕ್ಷಯ್ ಅವಳ ಕೈಗೆ ಕೊಟ್ಟಿದ್ದ ಹಳೆಯ ಫೋನು ಅಲ್ಲಿ ಬೆಳಗುತ್ತಿತ್ತು. ಅವಳ ಗಂಡನ ಹಳೆಯ ಫೋನು.